ಜುಲೈ ತಿಂಗಳ ಮಾಲೀಕರು

ಇಂಡಿಯನ್ ಸ್ಟೋರಿನಲ್ಲಿ ಬೆಂಡೆಕಾಯಿ ಆರಿಸುವುದು ಗಮನ ಬೇಡುವ ಕೆಲಸ. ಎಳೆಯದೋ ಬಲಿತದ್ದೋ ತಿಳಿಯಲು ತುದಿ ಮುರಿದು ನೋಡಬೇಕು. ಮುರಿಯುವುದನ್ನು ಅಂಗಡಿಯವರು ನೋಡಬಾರದು. ನಾನು ಆ ಏಕಾಗ್ರತೆಯಲ್ಲಿದ್ದಾಗಲೇ ಹಿಂದಿನಿಂದ ಧ್ವನಿ ಬಂತು.

"ಏನಪ್ಪಾ, ಈ ಸಲ ಯಾರನ್ನ ತಗೊಳ್ಳೋಣ?"

ಕೇಳಿದವನು ನಮ್ಮ ಪಕ್ಕದ ಬೀದಿಯ ದಾವಣಗೆರೆ ಗೆಳೆಯ. ಮೈಮೇಲೆ 41ನೇ ನಂಬರಿನ ನೀಲಿ ಜೆರ್ಸಿ, ಕೈಯಲ್ಲಿ ಮಂಡಕ್ಕಿ ಪ್ಯಾಕೆಟ್ಟು. ತರಕಾರಿಯ ವಿಷಯ ಕೇಳಿದ್ದಲ್ಲ. ನಮ್ಮೂರಿನ ಬ್ಯಾಸ್ಕೆಟ್‌ಬಾಲ್ ತಂಡ ಡಲ್ಲಾಸ್ ಮ್ಯಾವರಿಕ್ಸ್‌ಗೆ ಈ ಬೇಸಿಗೆಯಲ್ಲಿ ಯಾವ ದೊಡ್ಡ ಆಟಗಾರನನ್ನು ತರಬೇಕು ಎಂಬ ವಿಷಯ. ನಾನು ಉತ್ತರ ಕೊಡುವ ಮೊದಲೇ ಅವನು ಫೋನ್ ತೆಗೆದು, ತಾನು ಕೂಡಿ ಕಳೆದ ಲೆಕ್ಕ ತೋರಿಸಿದ. ಇಂಥವನನ್ನು ಬಿಡುವುದು, ಇಂಥವನನ್ನು ತರುವುದು, ಉಳಿದ ದುಡ್ಡಿನಲ್ಲಿ ಒಬ್ಬ ಎತ್ತರದವನು. ಹಿಂದೆ ನಿಂತಿದ್ದ ಹೆಂಗಸು ಆ ಹೊತ್ತಿಗೆ ಎಳೆ ಬೆಂಡೆಕಾಯಿಯನ್ನೆಲ್ಲ ಬಾಚಿಕೊಂಡು ಹೋದಳು.

ಟೆಕ್ಸಸ್ಸಿನಲ್ಲಿ ಜೂನ್ ಕೊನೆ ಎಂದರೆ ಸಂಜೆ ಏಳಕ್ಕೂ ಹೊರಗೆ ಕಾಲಿಡಲಾಗದ ಬಿಸಿ. ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಫೈನಲ್ಸ್ ಮುಗಿದಿರುತ್ತದೆ. ಮುಂದಿನ ಪಂದ್ಯಗಳು ಅಕ್ಟೋಬರಿನಲ್ಲಿ. ಮಧ್ಯೆ ಇಷ್ಟು ತಿಂಗಳು ಜನ ಬ್ಯಾಸ್ಕೆಟ್‌ಬಾಲ್ ಮರೆತು ಸುಮ್ನೆ ಇರಬಹುದಲ್ವಾ? ಇಲ್ಲ. ಅತಿ ಹೆಚ್ಚು ಮಾತು ನಡೆಯುವುದೇ ಆಗ. ಜೂನ್ 30ರಂದು ನ್ಯೂಯಾರ್ಕಿನಲ್ಲಿ ಸಂಜೆ ಆರು, ನಮಗೆ ಐದು, ಬೆಂಗಳೂರಿಗೆ ಬೆಳಗಿನ ಜಾವ ಮೂರೂವರೆ. ಒಪ್ಪಂದ ಮುಗಿದ ಆಟಗಾರರ ಜೊತೆ ಬೇರೆ ತಂಡಗಳು ಬಾಯಿ ಬಿಡಬಹುದಾದ ಗಳಿಗೆ ಅದು. ಅದಕ್ಕಿಂತ ಮೊದಲು ಮಾತಾಡುವಂತಿಲ್ಲ, ಅದು ನಿಯಮ. ಆರು ಗಂಟೆ ಒಂದು ನಿಮಿಷಕ್ಕೆ ನಾಲ್ಕು ವರ್ಷದ, ಕೋಟಿಗಟ್ಟಲೆ ಡಾಲರಿನ ವ್ಯವಹಾರಗಳು ಕುದುರಿದ ಸುದ್ದಿ ಬರುತ್ತದೆ. ಒಂದೇ ನಿಮಿಷದಲ್ಲಿ! ನಮ್ಮ ಕಿವಿ ಮೇಲೆ ಹೂವಿಡುವುದಕ್ಕೂ ಒಂದು ಮಿತಿ ಬೇಡವಾ? ಗೆಳೆಯನ ತಮ್ಮನೊಬ್ಬ ಜಯನಗರದಲ್ಲಿದ್ದಾನೆ. ಅವನು ಅಲಾರಂ ಇಟ್ಟು ಮೂರೂವರೆಗೆ ಏಳುತ್ತಾನಂತೆ. ಅವನ ಅಮ್ಮ ಮೊದಮೊದಲು ಹುಡುಗ ಧ್ಯಾನ ಶುರು ಮಾಡಿದ್ದಾನೆ ಅಂದುಕೊಂಡು ಖುಷಿಪಟ್ಟಿದ್ದರಂತೆ.

ಆಟಕ್ಕಿಂತ ಈ ಕೊಡು-ತಗೋ ಮಾತೇ ಜನಕ್ಕೆ ಯಾಕೆ ಜಾಸ್ತಿ ಇಷ್ಟ ಎನ್ನುವುದರ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಗೆಳೆಯನ ಜ್ಞಾನದ ಬಗ್ಗೆ ಒಂದು ಮಾತು. ಮನೆ ಇನ್ಶೂರೆನ್ಸಿನವರ ಕಾಗದವನ್ನು ಇವನು ಒಡೆದು ನೋಡುವುದಿಲ್ಲ. ಆದರೆ 2025-26ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳಕ್ಕೆ ಲೀಗು ಹಾಕಿದ ಮಿತಿ, 15.46 ಕೋಟಿ ಡಾಲರ್ ಎಂದು ಗೊತ್ತು. 'ಸೆಕೆಂಡ್ ಏಪ್ರನ್' ಎಂಬ ಇನ್ನೂ ಮೇಲಿನ ಗೆರೆ ಆ ವರ್ಷ ಸುಮಾರು 20.78 ಕೋಟಿಗೆ ಇತ್ತು ಎಂದೂ ಗೊತ್ತು. ಆ ಗೆರೆ ದಾಟಿದವರು ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ ಎಂದು ಮದುವೆ ಊಟದ ಪಂಕ್ತಿಯಲ್ಲಿ ವಿವರಿಸುತ್ತಾನೆ. 2024ರಲ್ಲಿ ಫೈನಲ್ಸ್‌ನಲ್ಲಿ ನಮ್ಮನ್ನೇ ಸೋಲಿಸಿ ಗೆದ್ದ ಬಾಸ್ಟನ್, ಒಂದೇ ವರ್ಷದಲ್ಲಿ ಜ್ರೂ ಹಾಲಿಡೇಯನ್ನೂ ಪೋರ್ಜಿಂಗಿಸ್‌ನನ್ನೂ ಕಳಿಸಬೇಕಾಯಿತಲ್ಲ, ಈ ಗೆರೆಯ ಭಾರಕ್ಕೇ. ಗೆದ್ದ ತಂಡವೇ ಸಂಬಳದ ಲೆಕ್ಕಕ್ಕೆ ಚದುರಿತು. ಅದನ್ನು ಹೇಳುವಾಗ ಗೆಳೆಯನ ಮುಖದಲ್ಲಿ ಕಂಡ ಸಂತೋಷ, 2024ರಲ್ಲಿ ನಾವು ಗೆದ್ದಿದ್ದರೂ ಬರುತ್ತಿತ್ತೋ ಇಲ್ಲವೋ.

ನನಗೆ ಸಿಟ್ಟು ಬರುವುದು ಲೆಕ್ಕದ ಮೇಲಲ್ಲ. ಇವರು ಹೆಣೆಯುವ ಪ್ರತಿ ಅದಲು ಬದಲಿನಲ್ಲೂ ನಮ್ಮಿಂದ ಹೋಗುವವರು ಮೂರು ಜನ, ಅವರ ಮನೆಯವರೂ ಗುರುತು ಹಿಡಿಯಲಾರದಂಥವರು. ನಮಗೆ ಬರುವವನು ಮಾತ್ರ ಆಲ್-ಸ್ಟಾರ್. ಎದುರಿನ ತಂಡವನ್ನು ನಡೆಸುವವನು ಶುದ್ಧ ಮಂಕ ಎಂದು ನಂಬದೆ ಇಂಥ ಲೆಕ್ಕ ಕೂಡುವುದಿಲ್ಲ. ವರ್ಷಗಟ್ಟಲೆ ಆ ಮಂಕನನ್ನು ನಾವು ಲಾಸ್ ಏಂಜಲೀಸಿನಲ್ಲಿ, ಷಿಕಾಗೋದಲ್ಲಿ, ಸ್ಯಾಕ್ರಮೆಂಟೋದಲ್ಲಿ ಹುಡುಕಿದೆವು. 2025ರ ಫೆಬ್ರವರಿ ಶುರುವಿನ ಒಂದು ಶನಿವಾರ ಮಧ್ಯರಾತ್ರಿ ಹೊತ್ತಿಗೆ ನಮ್ಮ ತಂಡದ ತಾರೆ ಲೂಕಾ ಡಾಂಚಿಚ್‌ನನ್ನು ನಮ್ಮವರೇ ಲಾಸ್ ಏಂಜಲೀಸಿನ ಲೇಕರ್ಸ್‌ಗೆ ಕೊಟ್ಟ ಸುದ್ದಿ ಬಂತು. 25 ವಯಸ್ಸಿನ ಹುಡುಗ. ಸುದ್ದಿ ಕೊಟ್ಟ ಪತ್ರಕರ್ತನ ಖಾತೆಯನ್ನು ಯಾರೋ ಕದ್ದಿದ್ದಾರೆ ಎಂದೇ ಜನ ಅಂದುಕೊಂಡರು. ಅವನು ಮತ್ತೆ ಬಂದು, ಹೌದು, ಇದು ನಿಜ ಎಂದು ಬರೆಯಬೇಕಾಯಿತು. ಮಂಕ ನಮ್ಮಲ್ಲೇ ಇದ್ದ. ಮರುದಿನ ಸ್ಟೇಡಿಯಂ ಮುಂದೆ ಅಭಿಮಾನಿಗಳು ಶವಪೆಟ್ಟಿಗೆ ತಂದಿಟ್ಟರು. ನಾನು ಹೋಗಲಿಲ್ಲ, ಆದರೆ ತಪ್ಪು ಅಂತ ಅನ್ನಿಸಲೂ ಇಲ್ಲ.

ಇರಲಿ. ಈ ಊರಿನ ಜುಲೈ ತಿಂಗಳು ಗೊತ್ತಾಗಬೇಕಾದರೆ 2015ಕ್ಕೇ ಹೋಗಬೇಕು.

ಆ ವರ್ಷ ಅಮ್ಮ ಹಾಸನದಿಂದ ಬಂದಿದ್ದಳು. ಹೊರಗೆ ಬಿಸಿಲು, ಒಳಗೆ ಏಸಿ ಚಳಿ. ಶಾಲು ಹೊದ್ದು ಸೋಫಾದಲ್ಲಿ ಕೂತು, ನಾನು ಫೋನ್ ನೋಡುವುದನ್ನು ನೋಡುವುದು ಅವಳ ಕೆಲಸ. ಜುಲೈ 8, ಬುಧವಾರ. ನಾನು ನಿಮಿಷಕ್ಕೊಂದು ಸಲ ಉದ್ಗಾರ ತೆಗೆಯುತ್ತಿದ್ದೆ. ಏನಾಯಿತೋ ಎಂದು ಕೇಳಿದಳು. ಹೇಳಲೇಬೇಕಾಯಿತು.

ಡಿಆಂಡ್ರೆ ಜೋರ್ಡನ್ ಎಂಬ ಆಟಗಾರ. ಏಳಡಿ ಹತ್ತಿರದ ಆಳು. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ನಲ್ಲಿದ್ದ. ಒಪ್ಪಂದ ಮುಗಿದಿತ್ತು. ನಮ್ಮ ಡಲ್ಲಾಸಿನವರು ಮಾತಾಡಿದರು, ನಾಲ್ಕು ವರ್ಷಕ್ಕೆ ಸುಮಾರು 8 ಕೋಟಿ ಡಾಲರ್. ಜುಲೈ 3ಕ್ಕೆ ಅವನು ಬರುತ್ತೇನೆ ಎಂದ. ಆದರೆ 9ನೇ ತಾರೀಖು ಹುಟ್ಟುವ ತನಕ ಯಾರೂ ರುಜು ಹಾಕುವಂತಿಲ್ಲ. ಇಷ್ಟು ದಿನ ಬರೀ ಬಾಯಿಮಾತು.

"ಒಪ್ಪಿಗೆ ಆದ ಮೇಲೆ ಐದು ದಿನ ಯಾಕೋ ಸುಮ್ನೆ ಬಿಟ್ರಿ?" ಎಂದಳು ಅಮ್ಮ. "ತಾಂಬೂಲ ಬದಲಾಯಿಸ್ಕೋಬಾರದಿತ್ತಾ?"

ಬದಲಾಯಿಸಿಕೊಳ್ಳಲು ಲೀಗಿನ ನಿಯಮ ಬಿಡುವುದಿಲ್ಲಮ್ಮ ಎಂದೆ. ಅಂಥ ನಿಯಮ ಮಾಡಿದವರ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ ಎಂದು ಅವಳು ತೀರ್ಮಾನ ಮಾಡಿದಳು.

ಅಷ್ಟರಲ್ಲಿ ಹುಡುಗನಿಗೆ ಮನಸ್ಸು ಹೊಯ್ದಾಡುತ್ತಿದೆ ಎಂಬ ಸುದ್ದಿ. ಕ್ಲಿಪ್ಪರ್ಸ್‌ನವರು ಹ್ಯೂಸ್ಟನ್ನಿನ ಅವನ ಮನೆಗೆ ಹೊರಟರು. ನಮ್ಮವನಾದ ಚಾಂಡ್ಲರ್ ಪಾರ್ಸನ್ಸ್ ಟ್ವಿಟರಿನಲ್ಲಿ ಒಂದು ವಿಮಾನದ ಎಮೋಜಿ ಹಾಕಿದ. ತಾನೂ ಹೊರಟಿದ್ದೇನೆ ಎಂದು ಅರ್ಥ. ಅಕ್ಷರ ಒಂದೂ ಇಲ್ಲ. ಕ್ಲಿಪ್ಪರ್ಸ್ ಕಡೆಯವರಲ್ಲಿ ಜೆಜೆ ರೆಡಿಕ್ ಕಾರಿನ ಎಮೋಜಿ ಹಾಕಿದ. ಬ್ಲೇಕ್ ಗ್ರಿಫಿನ್ ವಿಮಾನ, ಹೆಲಿಕಾಪ್ಟರ್, ಕಾರು ಮೂರನ್ನೂ ಹಾಕಿದ. ಕ್ರಿಸ್ ಪಾಲ್ ಒಂದು ಬಾಳೆಹಣ್ಣು, ಒಂದು ದೋಣಿ. ಪಾಲ್ ಪಿಯರ್ಸ್ ವಯಸ್ಸಾದವನು, ಎಮೋಜಿ ಎಲ್ಲಿರುತ್ತದೋ ತಿಳಿಯದೆ ರಾಕೆಟ್ಟಿನ ಚಿತ್ರವನ್ನೇ ಅಂಟಿಸಿದ.

ನಾನು ಒಂದೊಂದನ್ನೂ ಅಮ್ಮನಿಗೆ ತೋರಿಸಿದೆ. "ಇಷ್ಟು ದುಡ್ಡಿರೋ ಗಂಡಸರು ಬಾಯಿಬಿಟ್ಟು ಮಾತಾಡಲ್ವೇನೋ?" ಎಂದಳು. ಆಮೇಲೆ ಫೋನನ್ನು ಹತ್ತಿರ ತರಿಸಿಕೊಂಡಳು. "ಬಾಳೆಹಣ್ಣು ಯಾಕೆ?" ಆ ಬೇಸಿಗೆಯಲ್ಲಿ ಕ್ರಿಸ್ ಪಾಲ್ ಗೆಳೆಯರ ಜೊತೆ ಸಮುದ್ರದಲ್ಲಿ ಬನಾನಾ ಬೋಟ್ ಹತ್ತಿ ಕೂತ ಫೋಟೋ ಊರೆಲ್ಲ ಓಡಾಡಿತ್ತು ಎಂದು ವಿವರಿಸುವಷ್ಟರಲ್ಲಿ ಗ್ರಿಫಿನ್ ಇನ್ನೊಂದು ಫೋಟೋ ಹಾಕಿದ್ದ. ಬಾಗಿಲಿನ ಹಿಡಿಗೆ ಕುರ್ಚಿ ಒತ್ತರಿಸಿ ಇಟ್ಟ ಫೋಟೋ. ಅಂದರೆ ಹುಡುಗ ಒಳಗಿದ್ದಾನೆ, ನಾವೂ ಒಳಗಿದ್ದೇವೆ, ಇನ್ಯಾರೂ ಬರುವ ಹಾಗಿಲ್ಲ. ಕೋಚ್ ಡಾಕ್ ರಿವರ್ಸ್, ಮಾಲೀಕ ಸ್ಟೀವ್ ಬಾಮರ್ ಕೂಡ ಒಳಗೇ. ಮೈಕ್ರೋಸಾಫ್ಟ್ ನಡೆಸಿದ ಮನುಷ್ಯ, ಒಬ್ಬ ಆಟಗಾರನ ಮನೆಯಲ್ಲಿ ಗಡಿಯಾರ ನೋಡುತ್ತಾ ಕೂತಿದ್ದಾನೆ. ಇವರೆಲ್ಲ ಇಸ್ಪೀಟು ಆಡಿಕೊಂಡಿದ್ದಾರೆ ಎಂದು ವರದಿ ಬೇರೆ.

"ಇಸ್ಪೀಟು ಆಡ್ತಾ ಕೂತವರು ಏಳಲ್ಲ," ಎಂದಳು ಅಮ್ಮ. "ನಿಮ್ಮ ಸಂಬಂಧ ಮುರೀತು ಅಂತಲೇ ಲೆಕ್ಕ."

ನ್ಯೂಯಾರ್ಕಿನಲ್ಲಿ ಹನ್ನೆರಡು ಹೊಡೆಯಬೇಕಿತ್ತು, ಅಂದರೆ ನಮಗೆ ರಾತ್ರಿ ಹನ್ನೊಂದು. ಹೊಡೆದ ಕೂಡಲೇ ಜೋರ್ಡನ್ ಕ್ಲಿಪ್ಪರ್ಸ್‌ಗೇ ರುಜು ಹಾಕಿದ. ನಮ್ಮ ಆಗಿನ ಮಾಲೀಕ ಮಾರ್ಕ್ ಕ್ಯೂಬನ್ ಹ್ಯೂಸ್ಟನ್ನಿನ ಬೀದಿಗಳಲ್ಲಿ ಕಾರು ಓಡಿಸುತ್ತಾ ಅವನ ವಿಳಾಸ ಕೇಳುತ್ತಿದ್ದ ಎಂದು ಒಬ್ಬ ಪತ್ರಕರ್ತ ಬರೆದ. ಕ್ಯೂಬನ್ ಅದು ಸುಳ್ಳು ಎಂದ. ಸುಳ್ಳೇ ಇರಲಿ, ಅಮ್ಮನಿಗೆ ಕ್ಯೂಬನ್ ಮೇಲೆ ಪಾಪ ಅನ್ನಿಸಿದ್ದು ಆ ಸುದ್ದಿಯಿಂದಲೇ. ಮಾರನೆ ದಿನದಿಂದ ಹಾಸನಕ್ಕೆ ಫೋನ್ ಮಾಡಿದಾಗಲೆಲ್ಲ ಈ ಕಥೆ ಹೇಳಿದಳು. ಅವಳ ಕಥೆಯಲ್ಲಿ ಕ್ಯೂಬನ್ ರಾತ್ರಿಯಿಡೀ ಸುತ್ತಿದ್ದ, ಊಟವನ್ನೂ ಮಾಡಿರಲಿಲ್ಲ. ಆ ಜೋರ್ಡನ್ನು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ, ಹಾಕಿದರೆ ಅರ್ಧದಷ್ಟೂ ಬೀಳುವುದಿಲ್ಲ ಎಂದು ನಾನು ಹೇಳಿ ಅವಳ ದುಃಖ ಕಡಿಮೆ ಮಾಡಲು ನೋಡಿದೆ. ಅದೂ ಕಥೆಗೆ ಸೇರಿತು, ಹುಡುಗನ ಕೈಯಲ್ಲಿ ಏನೋ ಐಬಿತ್ತಂತೆ ಎಂಬ ರೂಪದಲ್ಲಿ.

ಈ ಗಲಾಟೆಯಲ್ಲಿ ಮಾತಿಗೆ ನಿಂತವನೊಬ್ಬ ಇದ್ದ. ವೆಸ್ಲಿ ಮ್ಯಾಥ್ಯೂಸ್. ಜೋರ್ಡನ್ ಬರುತ್ತಾನೆ ಎಂಬ ದಿನಗಳಲ್ಲೇ ಅವನೂ ಒಪ್ಪಿದ್ದು. ಜೋರ್ಡನ್ ಕೈಕೊಟ್ಟ ಮೇಲೂ ಇವನು ಬಂದ. ತಂಡದವರು ಅವನ ಒಪ್ಪಂದವನ್ನು 7 ಕೋಟಿ ಡಾಲರಿಗೆ ಏರಿಸಿದರು. ಅವನ ಹೆಸರು ಹೇಳಿದರೆ ಗೆಳೆಯ, "ಹಿಮ್ಮಡಿ ನರ ಹರ್ಕೊಂಡವನಿಗೆ ಅಷ್ಟೊಂದು ಯಾಕೆ ಕೊಡಬೇಕಿತ್ತು?" ಎನ್ನುತ್ತಾನೆ. ನೋಡಿ, ಇದು ನನಗೆ ಆಗದ ಸ್ವಭಾವ. ಕೈಕೊಟ್ಟವನ ಕಥೆಯನ್ನು ಹತ್ತು ವರ್ಷ ಚಪ್ಪರಿಸುತ್ತಾರೆ. ಬಂದವನ ಸಂಬಳ ಎಣಿಸುತ್ತಾರೆ.

ಜೋರ್ಡನ್ ಕಥೆಗೆ ಬಾಲವೂ ಇದೆ. 2018ರಲ್ಲಿ ಅವನು ಡಲ್ಲಾಸಿಗೆ ಬಂದ! ಒಂದು ವರ್ಷಕ್ಕೆ ಸುಮಾರು 2.3 ಕೋಟಿ ಡಾಲರ್. ಆ ಹೊತ್ತಿಗೆ 30 ವಯಸ್ಸು, ಹಾರಾಟ ಇಳಿದಿತ್ತು. ಪೂರ್ತಿ ವರ್ಷವೂ ಇರಲಿಲ್ಲ, ಜನವರಿ ಕೊನೆಗೆ ನ್ಯೂಯಾರ್ಕಿಗೆ ದಾಟಿಸಿದರು. ಡೆರಾನ್ ವಿಲಿಯಮ್ಸ್ ಕೂಡ ಹೀಗೇ. ಇಲ್ಲೇ ಪಕ್ಕದ ದಿ ಕಾಲನಿ ಊರಲ್ಲಿ ಬೆಳೆದವನು. 2012ರಲ್ಲಿ ಅವನು ಬಂದೇ ಬರುತ್ತಾನೆ ಎಂದು ಊರೆಲ್ಲ ಹಬ್ಬ. ಮಾತುಕತೆಯ ದಿನ ಕ್ಯೂಬನ್ ಟಿವಿ ಶೋ ಶೂಟಿಂಗಿಗೆ ಹೋಗಿದ್ದ, ವಿಲಿಯಮ್ಸ್ ಬ್ರೂಕ್ಲಿನ್ ಎಂದುಬಿಟ್ಟ. 2015ರಲ್ಲಿ, ಕಾಲು ನೋವು ಎಲ್ಲ ಶುರುವಾದ ಮೇಲೆ, ಡಲ್ಲಾಸಿಗೆ ಬಂದ. ಬೇಡ ಎಂದವರೆಲ್ಲ ಒಂದು ದಿನ ಇಲ್ಲಿಗೆ ಬರುತ್ತಾರೆ, ಯಾರಿಗೂ ಬೇಡವಾದ ಮೇಲೆ.

ಇದ್ದವರನ್ನು ಉಳಿಸಿಕೊಳ್ಳುವುದರಲ್ಲೂ ನಾವು ಜಾಣರಲ್ಲ. ಜೇಲೆನ್ ಬ್ರನ್ಸನ್ ನಮ್ಮಲ್ಲೇ ಬೆಳೆದ ಹುಡುಗ. ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿಗೆ ಕಟ್ಟಿಹಾಕಬಹುದಿತ್ತು, ಹಾಕಲಿಲ್ಲ. 2022ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಿಕ್ಸ್ ಮೊದಲು ಅವನ ಅಪ್ಪನನ್ನು ಸಹಾಯಕ ಕೋಚ್ ಮಾಡಿಕೊಂಡಿತು. ಅಪ್ಪ ಹೋದ ಮೇಲೆ ಮಗ ಎಲ್ಲಿಗೆ ಹೋಗುತ್ತಾನೆ ಎಂದು ಊಹಿಸಲು ವರದಿಗಾರ ಬೇಕಾ? ಮಗ 10.4 ಕೋಟಿಗೆ ಹೋದ. ಗಡುವಿಗೆ ಮೊದಲೇ ಮಾತಾಡಿದ ತಪ್ಪಿಗೆ ಲೀಗು ನಿಕ್ಸ್‌ನಿಂದ ಒಂದು ಎರಡನೇ ಸುತ್ತಿನ ಡ್ರಾಫ್ಟ್ ಆಯ್ಕೆ, ಅಂದರೆ ಹೊಸ ಹುಡುಗನೊಬ್ಬನನ್ನು ಆರಿಸುವ ಸರದಿ, ಕಿತ್ತುಕೊಂಡಿತು. ಅಷ್ಟೇ ದಂಡ. ಇದನ್ನು ಕೇಳಿದ ಅಮ್ಮ, ಅಪ್ಪನಿಗೆ ಡಲ್ಲಾಸಿನಲ್ಲೇ ಒಂದು ಕೆಲಸ ಕೊಡಲು ನಿಮ್ಮವರಿಗೆ ಏನು ರೋಗ ಎಂದು ಫೋನಿನಲ್ಲೇ ಬೈದಳು.

ಗೆಳೆಯನ ಬೆನ್ನ ಮೇಲಿನ 41 ಯಾರದ್ದು ಹೇಳಿ? ಡರ್ಕ್ ನೊವಿಟ್ಸ್ಕಿಯದ್ದು. ಜರ್ಮನಿಯಿಂದ ಬಂದು 21 ಋತು ಇದೇ ತಂಡಕ್ಕೆ ಆಡಿದವನು, 2011ರಲ್ಲಿ ಕಪ್ ಗೆದ್ದುಕೊಟ್ಟವನು. 2014ರ ಬೇಸಿಗೆಯಲ್ಲಿ ಬೇರೆ ಊರಿನವರು 9.7 ಕೋಟಿ ಡಾಲರ್ ಕೊಡಲು ತಯಾರಿದ್ದರು ಎಂದು ವರದಿಯಾಗಿತ್ತು. ಅವನು ಮೂರು ವರ್ಷಕ್ಕೆ ಸುಮಾರು 2.5 ಕೋಟಿಗೆ ಇಲ್ಲೇ ರುಜು ಹಾಕಿದ. ಉಳಿದ ದುಡ್ಡಿನಲ್ಲಿ ಒಳ್ಳೆಯವರನ್ನು ತನ್ನಿ ಎಂಬ ಲೆಕ್ಕ. ಆ ಬೇಸಿಗೆ ಬಂದವನೇ ಪಾರ್ಸನ್ಸ್, ವಿಮಾನದ ಎಮೋಜಿಯವನು, 4.6 ಕೋಟಿಗೆ. ಮಂಡಿ ನೋವಿನಲ್ಲಿ ಎರಡು ಋತು ಕಳೆದು 9.4 ಕೋಟಿಗೆ ಮೆಂಫಿಸ್‌ಗೆ ಹೋದ.

ಇದನ್ನೆಲ್ಲ ಬೆಂಡೆಕಾಯಿ ರಾಶಿಯ ಪಕ್ಕವೇ ಗೆಳೆಯನಿಗೆ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ, ಬಿಲ್ ಹಾಕುವ ಹುಡುಗ ತಿರುಗಿ ನೋಡಿದ. ಗೆಳೆಯ ಶಾಂತವಾಗಿ ಕೇಳಿಸಿಕೊಂಡ. ಆಮೇಲೆ ಮಿಲ್ವಾಕಿಯ ವಿಷಯ ತೆಗೆದ. ಅವರು 2025ರಲ್ಲಿ ಡೇಮಿಯನ್ ಲಿಲ್ಲರ್ಡ್‌ನನ್ನು ಒಪ್ಪಂದದ ಮಧ್ಯದಲ್ಲೇ ಬಿಟ್ಟು, ಕೊಡಬೇಕಾದ 11.3 ಕೋಟಿಯನ್ನು ಐದು ವರ್ಷಕ್ಕೆ ಹಂಚಿಕೊಂಡರಲ್ಲ, ವರ್ಷಕ್ಕೆ ಸುಮಾರು 2.25 ಕೋಟಿಯ ಹಾಗೆ. ಮನುಷ್ಯ ಪೋರ್ಟ್‌ಲ್ಯಾಂಡಿನಲ್ಲಿ, ದುಡ್ಡು ಕೊಡುವವರು ಮಿಲ್ವಾಕಿಯವರು. ಅಷ್ಟೆಲ್ಲ ಮಾಡಿದ್ದು ಮೈಲ್ಸ್ ಟರ್ನರ್‌ನನ್ನು ತರಲು ಸಂಬಳದ ಲೆಕ್ಕದಲ್ಲಿ ಜಾಗ ಬೇಕಿತ್ತು ಅಂತ.

"ಅವರು ಅಷ್ಟು ಧೈರ್ಯ ಮಾಡ್ತಾರೆ," ಎಂದ. "ನಮ್ಮವರು ಯಾಕೆ ಮಾಡಲ್ಲ?"

"ಐದು ವರ್ಷ ಸುಮ್ನೆ ದುಡ್ಡು ಕಟ್ಟಬೇಕಲ್ಲೋ!"

"ಕಟ್ಟೋದು ನಾವಲ್ಲವಲ್ಲ," ಎಂದು ಅವನು ಮಂಡಕ್ಕಿ ಪ್ಯಾಕೆಟ್ಟನ್ನು ತಿರುಗಿಸಿ ಬೆಲೆ ನೋಡಿದ. ಐದು ಡಾಲರ್ ಇತ್ತು. ಜಾಸ್ತಿಯಾಯಿತು ಎಂದು ವಾಪಸ್ ಇಟ್ಟ.