ಹೆಬ್ಬೆರಳು ಕೊಟ್ಟವನಿಗೇ ಪಿಯಾನೊ

ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ವರ್ಣಚಿತ್ರವೊಂದಿದೆ. ತಲೆಯ ಮೇಲೆ ಹ್ಯಾಟು, ಗಲ್ಲದಲ್ಲಿ ಗಡ್ಡ. ಬೋರಿಸ್ ಶಾಲಿಯಾಪಿನ್ ಟೈಮ್ ಪತ್ರಿಕೆಯ ಮುಖಪುಟಕ್ಕೆಂದು ಬರೆದದ್ದು. ಚಿತ್ರಕಾರರ ಎದುರು ಕುಳಿತ ಮಾಂಕ್ ಆಗಾಗ ನಿದ್ದೆಗೆ ಜಾರುತ್ತಿದ್ದರಂತೆ. 1963ರ ನವೆಂಬರ್‌ನಲ್ಲಿ ಬರಬೇಕಿದ್ದ ಮುಖಪುಟ ಕೆನಡಿಯವರ ಹತ್ಯೆಯಿಂದಾಗಿ ಮುಂದಕ್ಕೆ ಹೋಗಿ, 1964ರ ಫೆಬ್ರವರಿ 28ರ ಸಂಚಿಕೆಯಲ್ಲಿ ಬಂತು.

ಶಾಲಿಯಾಪಿನ್ ಕುಂಚ ಹಿಡಿಯುವ ಎಷ್ಟೋ ಮೊದಲೇ ಮಾಂಕ್ ಮುಖಕ್ಕೆ ಮಾರುಹೋದ ಕಲಾರಸಿಕರು ಇನ್ನೊಬ್ಬರಿದ್ದರು: ನ್ಯೂಯಾರ್ಕ್ ಪೊಲೀಸರು. ಮದ್ಯ ಮಾರುವ ಕ್ಲಬ್ಬಿನಲ್ಲಿ ದುಡಿಯುವವರೆಲ್ಲ, ವಾದ್ಯಗಾರರಿಂದ ತಟ್ಟೆ ತೊಳೆಯುವವರವರೆಗೆ, ಪೊಲೀಸರಿಂದ ‘ಕ್ಯಾಬರೆ ಕಾರ್ಡ್’ ಪಡೆಯಬೇಕೆಂಬ ನಿಯಮ 1940ರಿಂದ 1967ರವರೆಗೆ ಅಲ್ಲಿ ನಡೆಯಿತು. ಶ್ರುತಿ ಹೇಗಿದೆ, ಲಯ ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಫೋಟೊ ತೆಗೆದು, ಬೆರಳಿಗೆ ಮಸಿ ಹಚ್ಚಿ ಅಚ್ಚು ಒತ್ತಿಸಿಕೊಳ್ಳುತ್ತಿದ್ದರು. ಹತ್ತು ಬೆರಳುಗಳಿಂದ ಬದುಕುವವರ ಬೆರಳಿನ ಮೇಲೆ ಸರ್ಕಾರಕ್ಕೆ ಇದಕ್ಕಿಂತ ಹೆಚ್ಚಿನ ಆಸಕ್ತಿ ಇರಲು ಸಾಧ್ಯವೇ?

1951ರಲ್ಲಿ ಮಾಂಕ್ ಕುಳಿತಿದ್ದ ಕಾರಿನಲ್ಲಿ ಮಾದಕವಸ್ತು ಸಿಕ್ಕಿತು. ಗೆಳೆಯನ ಮೇಲೆ ಅವರು ಬಾಯಿ ಬಿಡಲಿಲ್ಲ. ಜೈಲಾಯಿತು, ಕಾರ್ಡು ಹೋಯಿತು. ಆರು ವರ್ಷ ತಮ್ಮೂರಿನ ಕ್ಲಬ್ಬುಗಳಲ್ಲೇ ಪಿಯಾನೊ ಮುಟ್ಟುವಂತಿರಲಿಲ್ಲ. 1957ರಲ್ಲಿ ಕಾರ್ಡು ಮರಳಿತು, ಫೈವ್ ಸ್ಪಾಟ್ ಕೆಫೆ ತುಂಬಿ ತುಳುಕಿತು. ಮರುವರ್ಷ ಡೆಲವೇರ್‌ನ ಮೋಟೆಲ್ ಒಂದರಲ್ಲಿ ಕುಡಿಯಲು ಒಂದು ಲೋಟ ನೀರು ಕೇಳಿದರು. ಪೊಲೀಸರು ಬಂದರು, ಹೊಡೆತ ಬಿದ್ದದ್ದು ಕೈಗಳ ಮೇಲೆ. ಕಾರ್ಡು ಮತ್ತೆ ಹೋಯಿತು. ನೀರು ಸಿಕ್ಕಿತೇ ಎಂದು ಕೇಳಬೇಡಿ.

ಈ ಕಾರ್ಡಿನ ತರ್ಕದ ಸೊಗಸು ತಿಳಿಯಬೇಕಾದರೆ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರನ್ನು ನೋಡಬೇಕು. ಜೈಲಿನಿಂದ ಹೊರಬಂದ ಆಕೆಗೆ ಕಾರ್ಡಿಲ್ಲ. ಆದರೆ 1948ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನದೇ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನ ಕಿಕ್ಕಿರಿದ ಸಭೆಯ ಮುಂದೆ ಹಾಡಬಹುದಿತ್ತು, ಹಾಡಿದರು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು 52ನೆಯ ಬೀದಿಯ ಕ್ಲಬ್ಬಿನಲ್ಲಿ ಅದೇ ಹಾಡು ಹಾಡಿದರೆ ಮಾತ್ರ ಸಮಾಜ ಕೆಟ್ಟುಹೋಗುತ್ತಿತ್ತು. ಸಾವಿರಾರು ಜನ ಕುಡಿಯದೆ ಕೇಳಿದರೆ ಅಡ್ಡಿಯಿಲ್ಲ, ನಲವತ್ತು ಜನ ಕುಡಿಯುತ್ತಾ ಕೇಳಿದರೆ ಅಪಾಯ. ಕುಡಿಯುವವರ ಶೀಲವನ್ನು ಯಾರೂ ಪರೀಕ್ಷಿಸಲಿಲ್ಲ, ಅವರು ಗಿರಾಕಿಗಳು. 1959ರಲ್ಲಿ ಆಕೆ ಸಾಯುವ ದಿನಗಳಲ್ಲೂ ಆಸ್ಪತ್ರೆಯ ಹಾಸಿಗೆಯಲ್ಲೇ ಬಂಧನದಲ್ಲಿಟ್ಟು ನಗರವನ್ನು ಕಾಪಾಡಲಾಯಿತು.

ಸತ್ತವರು ಕ್ಲಬ್ಬಿಗೆ ಬರುವುದಿಲ್ಲ. ಹೀಗಾಗಿ ಗೌರವಕ್ಕೆ ಇನ್ನು ತೊಂದರೆಯಿರಲಿಲ್ಲ. ಹಾಲಿಡೇ ಅವರ ಬಣ್ಣದ ಚಿತ್ರ 1994ರಲ್ಲಿ 29 ಸೆಂಟಿನ ಅಂಚೆಚೀಟಿಯಾಯಿತು, 1982ರಲ್ಲಿ ತೀರಿಕೊಂಡ ಮಾಂಕ್ ಅವರದು 1995ರಲ್ಲಿ 32 ಸೆಂಟಿನದು. ಕಾರ್ಡು ಕಿತ್ತುಕೊಂಡದ್ದು ನಗರದ ಪೊಲೀಸರು, ಚೀಟಿ ಅಚ್ಚು ಹಾಕಿದ್ದು ಕೇಂದ್ರದ ಅಂಚೆ ಇಲಾಖೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದು ಕಾನೂನು ಬಲ್ಲವರು ಆಕ್ಷೇಪಿಸಬಹುದು. ನಿಜ. ಆದರೂ ಆ ಚೀಟಿಯ ಬೆನ್ನಿಗೆ ಎಂಜಲು ಹಚ್ಚಿ, ಲಕೋಟೆಯ ಮೂಲೆಗಿಟ್ಟು, ಮಾಂಕ್ ಮುಖದ ಮೇಲೆಯೇ ಹೆಬ್ಬೆರಳನ್ನು ಬಲವಾಗಿ ಒತ್ತಬೇಕಿತ್ತು.