ಮೊದಲು ಟೆಂಪ್ಲೇಟ್ ಸರಿಯಾಗಲಿ

ಎಲ್ಲರೂ ಸೇರಿ ಕಟ್ಟುವ ಆನ್‌ಲೈನ್ ನಿಘಂಟು ವಿಕ್ಷನರಿಯಲ್ಲಿ ಮತ್ತೆ ಯಾರೋ ಪುಣ್ಯಾತ್ಮರು ಭಾಷೆ ಹೆಸರಿನ ಟೆಂಪ್ಲೇಟಿಗೆ, ಅಂದರೆ ಕೋಡ್ ಒತ್ತಿದರೆ ಪುಟದ ಮೇಲೆ ಭಾಷೆಯ ಹೆಸರು ಮೂಡಿಸುವ ಸಿದ್ಧ ಅಚ್ಚಿಗೆ, ಕೈ ಹಾಕಿದ್ದಾರೆ. ಅರ್ಥ ಇರಬೇಕಾದ ಜಾಗದಲ್ಲೆಲ್ಲ ಕೆಂಪಕ್ಷರದ 'ಲುವಾ ದೋಷ', ಅಂದರೆ ಟೆಂಪ್ಲೇಟಿನ ಹಿಂದಿನ ಪ್ರೋಗ್ರಾಂ ಕೆಟ್ಟಿದೆ ಎಂಬ ಸೂಚನೆ.

ಚಪ್ಪಾಳೆ ತಟ್ಟೋಣ. ಅರ್ಥ ಬರೆಯುವುದೇನು, ಯಾರಿಂದಲಾದರೂ ಆದೀತು. 'ಕನ್ನಡ' ಎಂಬ ಶೀರ್ಷಿಕೆ ಪುಟದ ಮೇಲೆ ಮೂಡಬೇಕಾದರೆ ಎರಡಕ್ಷರದ ಕೋಡ್, ಕೋಡಿಗೊಂದು ಟೆಂಪ್ಲೇಟ್, ಟೆಂಪ್ಲೇಟಿಗೊಂದು ಮಾಡ್ಯೂಲ್ ಎಂಬ ಪ್ರೋಗ್ರಾಂ, ಮಾಡ್ಯೂಲಿಗೊಂದು ಡೇಟಾ ಪುಟ, ಇಷ್ಟೆಲ್ಲ ಕಟ್ಟುವುದಕ್ಕೆ ತಪಸ್ಸು ಬೇಕು. ಸುಮ್ಮನೆ 'ಕನ್ನಡ' ಅಂತ ಟೈಪ್ ಮಾಡಿದ್ದರೂ ಬರುತ್ತಿತ್ತಲ್ಲ ಎಂದು ಕೇಳುವವರು ವ್ಯವಸ್ಥೆಯ ವೈರಿಗಳು. ಒಂದು ಕಡೆ ತಿದ್ದಿದರೆ ಎಲ್ಲ ಪುಟಗಳೂ ಸರಿಹೋಗುತ್ತವೆ ಅನ್ನುವುದು ಇದರ ಹೆಗ್ಗಳಿಕೆ. ಒಂದು ಕಡೆ ಕೆಟ್ಟರೆ ಏನಾಗುತ್ತದೆ ಅನ್ನುವುದನ್ನು ಕೆಂಪಕ್ಷರಗಳೇ ಹೇಳುತ್ತಿವೆ.

ನಮ್ಮ ತುಮಕೂರಿನವರಿಗಂತೂ ಈ ಕೋಡುಗಳು ಪ್ರವಾಸಭಾಗ್ಯ. ಗಾಡಿ ನಂಬರು ಕೆಎ 06 ತಾನೆ? ಅದೇ ಧೈರ್ಯದಲ್ಲಿ ನಿಘಂಟಿನಲ್ಲೂ ಕೆಎ ಒತ್ತಿದಿರೋ, ನಿಮ್ಮ ಪದ ಜಾರ್ಜಿಯನ್ ಭಾಷೆಯ ಪಾಲು. ಭಾಷೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಎಸ್‌ಒ 639ರಲ್ಲಿ ಕನ್ನಡ ಅಂದರೆ ಕೆಎನ್. ನಮ್ಮ ನಿಲ್ದಾಣಕ್ಕೆ ರೈಲ್ವೆಯವರು ಕೊಟ್ಟ ಟಿಕೆ ಅಲ್ಲಿ ತುರ್ಕ್‌ಮೆನ್. ಹೋಗಲಿ, ಊರಿನ ಇಂಗ್ಲಿಷ್ ಸ್ಪೆಲಿಂಗಿನ ಮೊದಲ ಮೂರಕ್ಷರ ಹಾಕೋಣವೆಂದರೆ ಟಿಯುಎಂ ಎಂಬುದು ಆಫ್ರಿಕಾದ ಮಲಾವಿ ಕಡೆಯ ತುಂಬುಕಾ. 2014ರಲ್ಲಿ ಸ್ಪೆಲಿಂಗ್ ಬದಲಿಸಿಕೊಂಡು ಬೀಗಿದೆವಲ್ಲ, ಆ ಮೂರಕ್ಷರ ಮಾತ್ರ ಅಲ್ಲಾಡಿಲ್ಲ.

ತುಳುವಿಗೆ ಟಿಸಿವೈ, ಕೊಡವಕ್ಕೆ ಕೆಎಫ್‌ಎ. ಇವರಿಗೆ ಎರಡಕ್ಷರದ ಸೀಟು ಸಿಗಲಿಲ್ಲ, ಹಿಂದೆ ಕೂತಿದ್ದಾರೆ. ಇನ್ನು ಶೀರ್ಷಿಕೆ 'ಕೊಡವ' ಎಂದಿರಬೇಕೋ 'ಕೊಡವ ತಕ್ಕ್' ಎಂದಿರಬೇಕೋ ಎಂದು ಚರ್ಚೆಗೆ ಕೂತರೆ ಆ ವಾರ ಮುಗಿಯಿತು. ಆ ಶೀರ್ಷಿಕೆಯ ಕೆಳಗೆ ಎಷ್ಟು ಪದ ಇವೆ ಅಂತ ಮಾತ್ರ ಕೇಳಬಾರದು.

ಕೇಳಿದರೆ ಉತ್ತರ ಸಿದ್ಧ: 'ಮೊದಲು ಟೆಂಪ್ಲೇಟ್ ಸರಿಯಾಗಲಿ.'

ಯಾವಾಗ ಸರಿಯಾಗುವುದು? ಕೆಲಸ ಮಾಡುವವರು ಬೆರಳೆಣಿಕೆಯಷ್ಟು, ಸಂಬಳವಿಲ್ಲ, ಥ್ಯಾಂಕ್ಸ್ ಹೇಳುವವರೂ ಇಲ್ಲ. ಅವರ ಸಂಜೆಗಳೆಲ್ಲ ಇಂಗ್ಲಿಷ್ ವಿಕ್ಷನರಿಯಿಂದ ನಕಲು ತಂದ ಮಾಡ್ಯೂಲಿನ ಹಿಂದೆ ಓಡುವುದರಲ್ಲೇ ಸವೆಯುತ್ತವೆ. ಅಲ್ಲಿ ಒಬ್ಬರು ಏನೋ ಬದಲಿಸುತ್ತಾರೆ, ಇಲ್ಲಿ ಒಬ್ಬರು ರಾತ್ರಿಯಿಡೀ ಅದಕ್ಕೆ ತೇಪೆ ಹಾಕುತ್ತಾರೆ. ಇತ್ತ ತಿಪಟೂರು ಸೀಮೆಯಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾ ಬಂದವರು, ಸುಲಿಯುವುದಕ್ಕೆ, ಆರಿಸುವುದಕ್ಕೆ, ಕೆಟ್ಟ ಕಾಯಿಯನ್ನು ಬೈಯುವುದಕ್ಕೆ ತಮ್ಮದೇ ಮಾತು ಇಟ್ಟುಕೊಂಡವರು, ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬರೆದುಕೊಂಡವರು ಯಾರು? ನನಗೆ ಇದರಲ್ಲಿ ನಗು ಬರುವುದು ನಿಂತುಹೋಗಿದೆ.

ಯಾರಾದರೂ ಒಂದು ದಿನ ತಿಪಟೂರು ಮಂಡಿಯಲ್ಲಿ ಕೂತು ಬರೆದುಕೊಂಡು ಬನ್ನಿ. ಕೋಡ್ ಬೇಡ, ವರ್ಗ ಬೇಡ. ಪದ, ಪಕ್ಕದಲ್ಲಿ ಅರ್ಥ. ಮೇಲೆ ಜಾರ್ಜಿಯನ್ ಅಂತ ಬಂದರೆ ಬರಲಿ ಬಿಡಿ.