ಸ್ಪಷ್ಟನೆ: ತಲೆನೋವಿಗೆಲ್ಲ ಅಜಿನೊಮೊಟೊ ಕಾರಣವಲ್ಲ

ಎಲ್ಲರೂ ಹೊಗಳಿದ ಚೈನೀಸ್ ಹೋಟೆಲಿಗೆ ಹೋಗಿ ಊಟ ಮಾಡಿದರೆ ಬರೀ ಉಪ್ಪು, ಜಿಡ್ಡು. ಮನೆಗೆ ಬಂದ ಮೇಲೆ ತಲೆ ಭಾರ, ಬಾಯಾರಿಕೆ. ಇಂಥ ಅನುಭವದ ಜೊತೆಗೆ, ರುಚಿ ಹೆಚ್ಚಿಸಲು ಅಡುಗೆಗೆ ಹಾಕುವ ಬಿಳಿ ಪುಡಿಯ ಬಗ್ಗೆ ‘ಅಜಿನೊಮೊಟೊ ವಿಷ, ತಲೆನೋವಿಗೆ ಅದೇ ಕಾರಣ’ ಎಂಬ ಮಾತೂ ಹರಿದಾಡುತ್ತಿದೆ. ಇದು ನಿಜವಲ್ಲ.

ಈ ಭಯ ಹಬ್ಬಿದ್ದು 1968ರಲ್ಲಿ. ಅಮೆರಿಕದಲ್ಲಿದ್ದ ವೈದ್ಯ ರಾಬರ್ಟ್ ಹೋ ಮ್ಯಾನ್ ಕ್ವಾಕ್ ಅಲ್ಲಿನ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದರು. ಚೈನೀಸ್ ಊಟದ ನಂತರ ಕುತ್ತಿಗೆ ಜೋಮು ಹಿಡಿಯುತ್ತದೆ, ಸುಸ್ತಾಗುತ್ತದೆ ಎಂದರು. ಸೋಯಾ ಸಾಸ್, ಅಡುಗೆಯ ವೈನ್, ಜಾಸ್ತಿ ಉಪ್ಪು, ಅಜಿನೊಮೊಟೊ ಎಲ್ಲದರ ಮೇಲೂ ಅವರಿಗೆ ಅನುಮಾನವಿತ್ತು. ಆದರೆ ಜನ ಹಿಡಿದುಕೊಂಡಿದ್ದು ಕೊನೆಯದನ್ನು ಮಾತ್ರ!

ಅಜಿನೊಮೊಟೊಗೆ ರುಚಿ ಕೊಡುವ ಅಂಶವಾದ ಗ್ಲುಟಮೇಟ್ ನಮ್ಮ ಟೊಮೆಟೊದಲ್ಲೂ ಇದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಜಿನೊಮೊಟೊವನ್ನು ಸುರಕ್ಷಿತ ಎನ್ನುತ್ತದೆ. ಬೇರೆ ಆಹಾರವಿಲ್ಲದೆ 3 ಗ್ರಾಂ ಅಥವಾ ಹೆಚ್ಚು ತಿಂದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು ಬರಬಹುದು, ಅಷ್ಟೆ. ಒಂದು ತಟ್ಟೆ ಊಟದಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಇರುವುದಿಲ್ಲ.

ಬಾಯಾರಿಕೆಗೆ ಮೊದಲು ಉಪ್ಪಿನ ಕಡೆ ನೋಡಬೇಕು, ಅಲ್ವಾ? ಉಪ್ಪಿನಲ್ಲಿರುವ ಸೋಡಿಯಂ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ರುಚಿ ಕೆಟ್ಟಿದ್ದರೆ ಅಡುಗೆಯವರಿಗೆ ನೇರವಾಗಿ ಹೇಳಿ.